ಹುಣಸೆಹಣ್ಣಿನ ತೂಕ ನೋಡಿದ ವರ್ಷ

ಒಂಬತ್ತನೇ ತರಗತಿಯ ಸಮಾಜ ಪಾಠದಲ್ಲಿ ‘ನ್ಯಾಯಯುತ ವ್ಯಾಪಾರ’ ಎಂಬ ಮಾತು ಬರುವ ದಿನ ನಾನು ಚೆನ್ನಾಗಿಯೇ ತಯಾರಾಗಿ ಹೋಗಿದ್ದೆ. ಬೋರ್ಡಿನ ಪಕ್ಕದಲ್ಲಿ ಪ್ರಪಂಚದ ನಕ್ಷೆ ತೂಗುಹಾಕಿದೆ. ಕಲ್ಯಾಣದುರ್ಗದ ಬೇಕರಿಯಿಂದ ತಂದಿದ್ದ ಚಾಕೊಲೇಟನ್ನು ಮೇಜಿನ ಮೇಲಿಟ್ಟೆ. ಇದರೊಳಗಿರುವ ಕೋಕೋ ಆಫ್ರಿಕಾದಲ್ಲಿ ಬೆಳೆಯುತ್ತದೆ, ಬೆಳೆದವರ ಕೈಗೆ ಸಿಗುವುದು ಚೂರು, ಡಬ್ಬಿಗೆ ತುಂಬಿ ಮಾರುವವರಿಗೆ ಸಿಗುವುದು ರಾಶಿ, ಶ್ರೀಮಂತ ದೇಶಗಳಿಗೂ ಬಡ ದೇಶಗಳಿಗೂ ನಡುವೆ ಇರುವ ಅಂತರ ಬೆಳೆಯುವುದರಲ್ಲಿ ಇಂಥ ವ್ಯಾಪಾರದ ಪಾಲೂ ಇದೆ ಎಂದು ಹೇಳುತ್ತಾ ಹೋದೆ. ನಕ್ಷೆಯ ಮೇಲೆ ಕೋಲು ಆಡಿಸಿದೆ. ಮಕ್ಕಳು ಮಾತ್ರ ಚಾಕೊಲೇಟನ್ನು ಬಿಟ್ಟು ಕಣ್ಣು ಕದಲಿಸಲಿಲ್ಲ.

ನಮ್ಮ ಶಾಲೆ ಇರುವುದು ಕಲ್ಯಾಣದುರ್ಗದ ಹೊರಗೆ, ಕುಂದುರ್ಪಿ ರಸ್ತೆಯಲ್ಲಿ. ಆಂಧ್ರದ ಸರ್ಕಾರಿ ಶಾಲೆ, ಓದುವುದು ಕನ್ನಡ ಮಾಧ್ಯಮದಲ್ಲಿ. ಮಕ್ಕಳು ಗಡಿಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಾರೆ, ಪಾಠಕ್ಕೆ ಕನ್ನಡ, ಜಗಳಕ್ಕೆ ತೆಲುಗು. ನಾನು ಹಿಂದೂಪುರದವಳು. ಈಗ ಎರಡೂ ಊರು ಬೇರೆ ಬೇರೆ ಜಿಲ್ಲೆಗೆ ಸೇರಿವೆ. ನಾನು ವಾರವಿಡೀ ಇಲ್ಲಿನ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಸಂಜೆ ಬಸ್ಸು ಬದಲಿಸಿ ಅಮ್ಮನ ಮನೆ ಸೇರುತ್ತೇನೆ.

ಪಾಠ ಮುಗಿಸಿ, “ಏನಾದ್ರೂ ಕೇಳೋದಿದೆಯಾ?” ಅಂದೆ. ಯಾರೂ ಕೇಳುವುದಿಲ್ಲ ಎಂದುಕೊಂಡಿದ್ದೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅಜ್ಜಿಯ ಜೊತೆ ಬೆಳೆದವಳು, ಮಾತು ಕಡಿಮೆ.

“ಮೇಡಂ, ಆ ಕೋಕೋ ಬೆಳೆಯೋರಿಗೆ ತೂಕ ಕಾಣ್ತದಾ?”

“ತೂಕ ಕಾಣೋದು ಅಂದ್ರೆ?”

“ಕಾಟಾದಾಗೆ ಕೆಂಪು ನಂಬರು ಬೀಳ್ತದಲ್ಲ ಮೇಡಂ, ಅದು. ನಮ್ಮಜ್ಜಿಗೆ ಕಾಣಾಕಿಲ್ಲ. ಹುಣಸೇಹಣ್ಣು ತಕ್ಕಂಡು ಹೋದ್ರೆ ನಂಬರಿನ ಡಬ್ಬಿ ಸಾವ್ಕಾರ್ರ ಕಡೀಕೆ ತಿರುಗಿರ್ತದೆ. ಅವ್ರು ಇಷ್ಟು ಅಂತಾರೆ, ನಮ್ಮಜ್ಜಿ ಹೂಂ ಅಂತದೆ.”

ಕಾಟಾ ಎಂದರೆ ಅಂಗಡಿಗಳಲ್ಲಿರುವ ಎಲೆಕ್ಟ್ರಾನಿಕ್ ತಕ್ಕಡಿ. ತರಗತಿ ಗೊಳ್ಳೆಂದು ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ಶುರು ಮಾಡಿದರು. “ನಮ್ಮಮ್ಮಂಗೂ ಅಂಗೇ ಮೇಡಂ.” “ನಮ್ಮ ದೊಡ್ಡಮ್ಮಂಗೂ.” ಚಳಿ ಹೋಗಿ ಬಿಸಿಲು ಬರುವ ಹೊತ್ತಿಗೆ ಈ ಕಡೆಯ ಹಳ್ಳಿಗಳಲ್ಲಿ ಮರ ಬಡಿಯುತ್ತಾರೆ. ಹೆಂಗಸರು ಕೂತು ಓಡು ಒಡೆದು, ನಾರು ತೆಗೆದು, ಬೀಜ ಬಿಡಿಸಿ ಹಣ್ಣನ್ನು ಚೀಲಕ್ಕೆ ತುಂಬುತ್ತಾರೆ. ಆ ಚೀಲಗಳು ಕುಂದುರ್ಪಿ ರಸ್ತೆಯ ಒಂದು ಅಂಗಡಿಗೆ ಬರುತ್ತವೆ, ಅಲ್ಲಿಂದ ಹಿಂದೂಪುರದ ದೊಡ್ಡ ಹುಣಸೆ ಮಾರುಕಟ್ಟೆಗೆ ಹೋಗುತ್ತವೆ. ಇಷ್ಟು ನನಗೂ ಗೊತ್ತಿತ್ತು. ತೂಕದ ಡಬ್ಬಿ ಯಾವ ಕಡೆ ತಿರುಗಿದೆ ಎಂದು ಮಾತ್ರ ನಾನು ಎಂದೂ ಯೋಚಿಸಿರಲಿಲ್ಲ.

ಕೋಲು ಕೆಳಗಿಟ್ಟೆ. ಚಾಕೊಲೇಟು ಪಕ್ಕಕ್ಕೆ ಸರಿಸಿ, ಮೇಜನ್ನೇ ಅಂಗಡಿ ಮಾಡಿದೆವು. ಒಬ್ಬ ಹುಡುಗ ಸಾಹುಕಾರನಾದ. ಉಳಿದವರು ಪುಸ್ತಕದ ಚೀಲಗಳನ್ನು ತಂದು ‘ತೂಕಕ್ಕೆ’ ಹಾಕಿದರು. ಅವನು ತನಗೊಬ್ಬನಿಗೇ ಕಾಣುವಂತೆ ಸ್ಲೇಟು ಹಿಡಿದು ಒಂದೊಂದು ಅಂಕಿ ಕೂಗಿದ. ಸ್ವಲ್ಪ ಹೊತ್ತಿಗೇ ಮಕ್ಕಳಿಗೆ ಕೋಪ ಬಂತು. “ಸುಳ್ಳು ಕಣ್ಲಾ! ತೋರ್ಸೋ ಸ್ಲೇಟು!” ಎಂದು ಮೇಜಿಗೆ ಮುತ್ತಿಕೊಂಡರು. ಆ ವರ್ಷ ನನ್ನ ಕ್ಲಾಸು ಅಷ್ಟು ಜೀವಂತವಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆದರೆ ಕಿಟಕಿ ಪಕ್ಕದ ಬೆಂಚಿನಲ್ಲಿ ಒಬ್ಬಳು ನಗದೆ ಕೂತಿದ್ದಳು. ಆ ಅಂಗಡಿ ಅವಳ ಅಪ್ಪನದು ಎಂದು ನನಗೆ ಗೊತ್ತಾದದ್ದು ಗಂಟೆ ಹೊಡೆದ ಮೇಲೆ, ಅವಳು ಚೀಲ ತೆಗೆದುಕೊಂಡು ಯಾರ ಜೊತೆಗೂ ಮಾತಾಡದೆ ಹೋದದ್ದನ್ನು ನೋಡಿ ಉಳಿದ ಮಕ್ಕಳು ಹೇಳಿದಾಗ. ಮರುದಿನ ಅವಳು ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ನಾನೇ ಅಂಗಡಿಗೆ ಹೋದೆ. ಮುಂದಿನ ಜಗುಲಿಯಲ್ಲಿ ಕಾಟಾ ಇತ್ತು. ಅದರ ಕಂಬದ ಮೇಲಿನ ಡಬ್ಬಿ ಒಳಗಿನ ಗಲ್ಲಾಪೆಟ್ಟಿಗೆಯ ಕಡೆ ಮುಖ ಮಾಡಿತ್ತು. ಹುಡುಗಿಯ ಅಪ್ಪ ನನ್ನನ್ನು ನೋಡಿದವರೇ ಕುರ್ಚಿ ಹಾಕಿದರು, ಆದರೆ ಮುಖ ಬಿಗಿದುಕೊಂಡಿದ್ದರು.

“ನಮ್ಮಂಗಡಿ ಮರ್ವಾದೆ ಸ್ಕೂಲಾಗೆ ಹರಾಜಾಕಿದ್ರಂತಲ್ಲ ಮೇಡಮ್ಮ? ಮಗಳು ಊಟ ಬಿಟ್ಟು ಕುಂತವ್ಳೆ.”

“ನಿಮ್ಮ ಅಂಗಡಿ ಅಂತ ಯಾರೂ ಹೆಸರು ಹೇಳ್ಲಿಲ್ಲ. ನನಗೂ ಗೊತ್ತಿರ್ಲಿಲ್ಲ. ಪಾಠ ಮಾಡ್ತಿದ್ದೆ, ಮಕ್ಕಳು ತಮಗೆ ಗೊತ್ತಿರೋದು ಹೇಳಿದ್ರು.”

“ಡಬ್ಬಿ ನಾನು ತಿರುಗಿಸ್ಕಂಡಿರೋದು ಬರ್ಕೊಳ್ಳೋಕೆ. ಮೋಸ ಮಾಡಾಕಲ್ಲ.” ಅವರ ದನಿ ಏರಿತು. “ನನಗ್ಯಾರು ತೋರಿಸ್ತಾರೆ ಹೇಳಿ? ಹಿಂದೂಪುರಕ್ಕೆ ಮಾಲು ಹೊಡ್ಕಂಡು ಹೋಯ್ತೀನಿ. ಅಲ್ಲಿ ಕಾಟಾ ಈಚೆ, ನಂಬರು ಕಿಟಕಿ ಒಳಗೆ. ಗುಮಾಸ್ತ ಕೂಗಿದ್ದು ಕೇಳಿಸ್ಕಂಡು, ಚೀಟಿ ಈಸ್ಕಂಡು ಬತ್ತೀನಿ. ನಾನೇನು ಅವರ ಕೊರಳಪಟ್ಟಿ ಹಿಡಿತೀನಾ?”

ಒಳಬಾಗಿಲ ಹತ್ತಿರ ಮಗಳು ನಿಂತು ಕೇಳಿಸಿಕೊಳ್ಳುತ್ತಿದ್ದುದು ನಮ್ಮಿಬ್ಬರಿಗೂ ಕಂಡಿರಲಿಲ್ಲ. ಅವಳು ಹೊರಗೆ ಬಂದಳು.

“ಅಪ್ಪಾ, ನಿಂಗೂ ಕಾಣಲ್ವಾ?”

ಅಪ್ಪ ಹೆಗಲ ಮೇಲಿದ್ದ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಹುಡುಗಿ ನನ್ನ ಕಡೆ ತಿರುಗಿ, “ಮೇಡಂ, ನಮ್ಮಪ್ಪ ಹೋದಾಗ ನಾವೂ ಹೋಗಾನ. ಎಲ್ರೂ,” ಅಂದಳು.

ಹೆಡ್‌ಮಾಸ್ಟರರು ಮೊದಲು ಗಾಬರಿಯಾದರು. ಮಾರುಕಟ್ಟೆಯಲ್ಲಿ ಗಲಾಟೆಯಾದರೆ ಯಾರು ಹೊಣೆ ಎಂದರು. ಕ್ಷೇತ್ರ ಭೇಟಿ ಎಂದು ಬರೆದುಕೊಟ್ಟೆ. ಕೋಟೆ, ಗುಡಿ ನೋಡಲು ಕರೆದುಕೊಂಡು ಹೋಗುತ್ತೇವೆ, ಮಾರುಕಟ್ಟೆ ಯಾಕಾಗಬಾರದು ಎಂದು ಕೇಳಿದೆ. ಅವರು ತಲೆ ಕೆರೆದುಕೊಂಡು ಸಹಿ ಹಾಕಿದರು, “ಯೂನಿಫಾರಂ ಹಾಕಿಸ್ಕೊಂಡು ಹೋಗಿ” ಎಂದಷ್ಟೇ ಹೇಳಿದರು.

ಸಂತೆಯ ದಿನ ಹುಡುಗಿಯ ಅಪ್ಪ ಟೆಂಪೋದಲ್ಲಿ ಮಾಲು ತುಂಬಿಕೊಂಡು ಮುಂದೆ ಹೋದರು. ನಾವು ಮೊದಲ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಇಬ್ಬರು ಹುಡುಗಿಯರೂ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದರು. ಪ್ರಶ್ನೆ ಕೇಳಿದವಳು ಮುಂದೆ, ಅಂಗಡಿಯವರ ಮಗಳು ಹಿಂದೆ.

ಹಿಂದೂಪುರದ ಹುಣಸೆ ಬೀದಿಗೆ ಕಾಲಿಟ್ಟರೆ ಹಲ್ಲು ಚಳಿಯುವಷ್ಟು ಹುಳಿ ವಾಸನೆ. ಪರಿಗಿ, ಗೋರಂಟ್ಲ ಕಡೆಯಿಂದಲೂ ಮಾಲು ಬಂದಿತ್ತು. ಹಮಾಲಿಗಳು ಚೀಲ ಹೊತ್ತು ಕೂಗುತ್ತಾ ಓಡುತ್ತಿದ್ದರು. ನಾವು ಹೋದದ್ದು ಒಂದು ಓಣಿಯಲ್ಲಿದ್ದ ದೊಡ್ಡ ಗೋದಾಮಿಗೆ. ಕಾಟಾ ಹೊರಗಿನ ಕಟ್ಟೆಯ ಮೇಲಿತ್ತು. ಅದರಿಂದ ಒಂದು ವೈರು ಕಿಟಕಿಯ ಸರಳುಗಳ ನಡುವೆ ಒಳಕ್ಕೆ ಹೋಗಿತ್ತು. ಕಿಟಕಿಯ ಹೊರಗೆ ದೇವರ ಚಿತ್ರದ ಒಂದು ದೊಡ್ಡ ಕ್ಯಾಲೆಂಡರು ನೇತಾಡುತ್ತಿತ್ತು. ಒಳಗಿನಿಂದ ಗುಮಾಸ್ತ ತೂಕ ಕೂಗುತ್ತಿದ್ದ, ಹೊರಗಿನವರು ಕೇಳುತ್ತಿದ್ದರು.

ಯಜಮಾನರು ದಪ್ಪನೆಯ ಮನುಷ್ಯ, ನಗುಮುಖ. ಯೂನಿಫಾರಂ ಹಾಕಿದ ಮಕ್ಕಳ ಸಾಲು ನೋಡಿ ಎದ್ದು ಬಂದು, ಮಕ್ಕಳನ್ನೆಲ್ಲ ಕರೆತಂದಿದ್ದೀರಲ್ಲ ಎಂದು ತೆಲುಗಿನಲ್ಲಿ ಶುರು ಮಾಡಿ ಕನ್ನಡಕ್ಕೆ ಹೊರಳಿದರು.

“ಏಂ ಮೇಡಂ, ಪಿಲ್ಲಲ್ನಂತಾ ತೀಸುಕೊಚ್ಚಾರು? ಹುಣಸೇಹಣ್ಣು ತಿನ್ನೋಕೆ ಬಂದ್ರಾ?”

“ವ್ಯಾಪಾರ ಹೆಂಗೆ ನಡೀತದೆ ಅಂತ ನೋಡೋಕೆ ಬಂದ್ವಿ.”

“ನೋಡ್ಲಿ ನೋಡ್ಲಿ,” ಎಂದು ಮಕ್ಕಳ ಕೈಗೆ ಒಂದೊಂದು ಹಿಡಿ ಹಣ್ಣು ಕೊಡಿಸಿದರು. ಬೀಜ ತೆಗೆದು ಉದ್ದಕ್ಕೆ ಬಿಡಿಸಿದ ಒಳ್ಳೆಯ ಹಣ್ಣನ್ನು ಕರಿಪುಳಿ ಎನ್ನುತ್ತಾರೆ, ಅದಕ್ಕೇ ಬೆಲೆ ಜಾಸ್ತಿ ಎಂದು ತಾವೇ ವಿವರಿಸಿದರು. ಅಷ್ಟರಲ್ಲಿ ನಮ್ಮ ಅಂಗಡಿಯವರ ಚೀಲಗಳ ಸರದಿ ಬಂತು. ಮೊದಲ ಚೀಲ ಕಾಟಾ ಮೇಲೆ ಕೂತಿತು. ಒಳಗಿನಿಂದ ಗುಮಾಸ್ತ ಕೂಗಿದ:

“ನಲಭೈ ರೆಂಡು!”

ನಲವತ್ತೆರಡು. ಅಂಗಡಿಯವರು ಅಭ್ಯಾಸದಂತೆ ತಲೆಯಾಡಿಸಿದರು. ಅವರ ಮಗಳು ಕಿಟಕಿಯ ಹತ್ತಿರವೇ ನಿಂತಿದ್ದಳು. ಅವಳು ಕ್ಯಾಲೆಂಡರನ್ನೇ ದಿಟ್ಟಿಸಿ ನೋಡಿ, “ಮೇಡಂ, ಇದರ ಹಿಂದೆ ಏನೋ ಕೆಂಪಗೆ ಉರೀತೈತೆ,” ಎಂದಳು. ನಾನು ಏನಾದರೂ ಹೇಳುವ ಮೊದಲೇ ಕ್ಯಾಲೆಂಡರಿನ ತುದಿ ಹಿಡಿದು ಮೇಲಕ್ಕೆತ್ತಿದಳು.

ಅಂಕಿಯ ಡಬ್ಬಿ ಕಿಟಕಿಯ ಒಳಕಟ್ಟೆಯ ಮೇಲಿತ್ತು. ಅದಕ್ಕೆ ಎರಡು ಮುಖ. ಒಂದು ಗುಮಾಸ್ತನ ಕಡೆಗೆ, ಇನ್ನೊಂದು ಹೊರಗೆ ನಿಂತವರ ಕಡೆಗೆ. ಯಂತ್ರ ಮಾಡಿದವರು ಎರಡೂ ಕಡೆಯವರಿಗೆ ಕಾಣಲೆಂದೇ ಮಾಡಿದ್ದರು. ಹೊರಗಿನ ಮುಖದ ಮೇಲೆ ಕ್ಯಾಲೆಂಡರು ಬಂದು ಕೂತಿತ್ತು. ಈಗ ಅಂಕಿ ಎಲ್ಲರಿಗೂ ಕಂಡಿತು. ನಲವತ್ತೆರಡು, ಒಂದು ಚುಕ್ಕೆ, ಆಮೇಲೆ ಆರು, ಐದು, ಸೊನ್ನೆ.

“ಅಪ್ಪಾ, ಚುಕ್ಕೆ ಆದ್ಮೇಲೆ ಆರುನೂರೈವತ್ತು ಗ್ರಾಂ ಐತೆ!”

ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ಯಜಮಾನರ ನಗು ಸ್ವಲ್ಪ ಸೊರಗಿತು. “ಅದು ಚೀಲದ್ದು, ಮಣ್ಣು ಧೂಳಿಂದು ಅಂತ ಬಿಡ್ತೀವಮ್ಮ. ಎಲ್ಲಾ ಕಡೆ ಹಂಗೇ.”

“ಚೀಲದ್ದು ಚೀಟಿಯಾಗೆ ಬೇರೆ ಮುರೀತೀರಲ್ಲ ಸರ್,” ಅಂದಳು ಹುಡುಗಿ. ಅಪ್ಪನ ಚೀಟಿಗಳನ್ನು ಮನೆಯಲ್ಲಿ ಜೋಡಿಸಿಡುವವಳು ಅವಳೇ.

“ಏನಮ್ಮಾ, ನಾನು ಸುಳ್ಳು ಹೇಳ್ತೀನಿ ಅಂತೀಯಾ?”

ನಾನು ಮಧ್ಯೆ ಬಾಯಿ ಹಾಕಬೇಕೇ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬಳು ಮುಂದೆ ಬಂದು ಅವಳ ಪಕ್ಕ ನಿಂತಳು. ತರಗತಿಯಲ್ಲಿ ಮೊದಲ ಪ್ರಶ್ನೆ ಕೇಳಿದ ಹುಡುಗಿ.

“ಸುಳ್ಳು ಅಂತ ಯಾರೂ ಅನ್ಲಿಲ್ಲ ಸರ್. ಪೂರ್ತಿ ಹೇಳ್ಲಿಲ್ಲ, ಅಷ್ಟೇ.”

ಸಾಲಿನಲ್ಲಿ ಯಾರೋ ನಕ್ಕರು. ಗೋರಂಟ್ಲ ಕಡೆಯ ಒಬ್ಬ ಹಿರಿಯರು ತಮ್ಮ ಚೀಲದ ಮೇಲೆ ಕೂತಲ್ಲಿಂದಲೇ, “ಆ ಕ್ಯಾಲೆಂಡರ್ ತೀಸೆಯ್ಯಮ್ಮಾ, ಮಾಕೂ ಕನಪಡಲಿ” ಎಂದು ಕೂಗಿದರು. ತೆಗೆದುಹಾಕು, ನಮಗೂ ಕಾಣಲಿ. ಇನ್ನೊಬ್ಬರು ಹೂಂ ಅಂದರು. ಹಮಾಲಿಗಳೂ ಹೊತ್ತ ಚೀಲ ಇಳಿಸಿ ನೋಡುತ್ತಾ ನಿಂತರು. ಎದುರಿಗೇ ಬೇರೆ ಗೋದಾಮುಗಳಿದ್ದವು, ಸಂತೆಯ ದಿನ ಬೇರೆ. ಯಜಮಾನರು ಸಾಲಿನ ಉದ್ದ ನೋಡಿದರು, ಮಕ್ಕಳನ್ನು ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕು ಗುಮಾಸ್ತನಿಗೆ ಹೇಳಿದರು, “ತೀಸೆಯ್ಯಿರಾ. ಪಾತ ಕ್ಯಾಲೆಂಡರೇ ಕದಾ!” ಹಳೆಯ ವರ್ಷದ ಕ್ಯಾಲೆಂಡರು ಅದು, ನಿಜವಾಗಿಯೂ.

ಗುಮಾಸ್ತ ಹೊರಗೆ ಬಂದು ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿದ, ಸುರುಳಿ ಸುತ್ತಿ ಒಳಗಿಟ್ಟ. ಮುಂದಿನ ಚೀಲದ ತೂಕವನ್ನು ಚುಕ್ಕೆಯ ಮುಂದಿನದನ್ನೂ ಸೇರಿಸಿ ಕೂಗಿದ. ಮಕ್ಕಳು ಓಣಿ ಕಿತ್ತುಹೋಗುವಂತೆ ಚಪ್ಪಾಳೆ ಹೊಡೆದರು. ಸಾಲಿನಲ್ಲಿದ್ದವರೂ ಸೇರಿಕೊಂಡರು. ನಮ್ಮ ಅಂಗಡಿಯವರು ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡು, ತಮ್ಮ ಚೀಲ ಒಂದೊಂದಾಗಿ ಏರುವಾಗಲೂ ಕೆಂಪು ಅಂಕಿಯನ್ನೇ ನೋಡುತ್ತಾ ನಿಂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತೋ ಧೂಳು ಬಿದ್ದಿತ್ತೋ, ನಾನು ಕೇಳಲಿಲ್ಲ.

ಹೊರಡುವಾಗ ಯಜಮಾನರೇ ನನ್ನನ್ನು ಕರೆದರು. “ಮೇಡಂ, ಈ ಮಾಲು ಚೆನ್ನೈಗೆ ಹೋಗಿ ಹಡಗು ಹತ್ತತೈತೆ. ಆ ಕಡೆಯಿಂದ ಫೋನ್ ಬತ್ತದೆ, ಬಣ್ಣ ಕಮ್ಮಿ, ಇಷ್ಟು ಮುರ್ಕೊಂಡ್ವಿ ಅಂತಾರೆ. ಯಾವ ಬಣ್ಣ, ಯಾರು ನೋಡಿದ್ರು, ನನಗ್ಯಾರು ತೋರಿಸ್ತಾರೆ?”

ಪ್ರಶ್ನೆ ಕೇಳುವ ಹುಡುಗಿ ತಕ್ಷಣ ಅಂದಳು, “ನಿಮ್ಗೂ ಒಂದು ಕ್ಯಾಲೆಂಡರ್ ನೇತಾಕವ್ರೆ ಸರ್!”

ಆ ಮನುಷ್ಯ ನಕ್ಕ ನಗು ಬೀದಿಗೆಲ್ಲ ಕೇಳಿಸಿತು.

ಮಧ್ಯಾಹ್ನ ಎಲ್ಲರನ್ನೂ ನಮ್ಮ ಮನೆಗೆ ಕರೆದುಕೊಂಡು ಹೋದೆ. ನಮ್ಮದು ನೇಕಾರರ ಬೀದಿ, ಮಗ್ಗದ ಸದ್ದಿನಲ್ಲಿ ಜೋರಾಗಿ ಮಾತಾಡಿಯೇ ಎಲ್ಲರಿಗೂ ಅಭ್ಯಾಸ. ಅಮ್ಮ ಚಿತ್ರಾನ್ನ ಮಾಡಿಟ್ಟಿದ್ದಳು. ಮಕ್ಕಳು ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟು ಬೆಳಗಿನ ಕಥೆ ಹೇಳಿದರು. ಅಪ್ಪ ಮಗ್ಗ ನಿಲ್ಲಿಸಿ ಬಂದು ಕೇಳಿದರು. ಅವರು ಸೀರೆ ನೇಯ್ದು ಅಂಗಡಿಗೆ ಕೊಟ್ಟು, ಅಲ್ಲಿ ಅಳೆದವರ ಮಾತೇ ಕೊನೆಯೆಂದು ಬದುಕಿದವರು. ಇಬ್ಬರು ಹುಡುಗಿಯರನ್ನೂ ಕರೆದು ಮಗ್ಗದ ಮೇಲೆ ಕೂರಿಸಿ, ಲಾಳಿ ಹೇಗೆ ಓಡುತ್ತದೆಂದು ತೋರಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅವರಿಬ್ಬರೂ ಒಂದೇ ಸೀಟಿನಲ್ಲಿ ಕೂತು ಕಲ್ಯಾಣದುರ್ಗದವರೆಗೂ ವಟಗುಟ್ಟಿದರು.

ಮುಂದಿನ ಸಮಾಜ ಪಾಠದ ದಿನ ನಕ್ಷೆಯ ಮುಂದೆ ನಿಂತದ್ದು ನಾನಲ್ಲ, ಮಕ್ಕಳು. ನಮ್ಮ ಹಳ್ಳಿಯ ಮರದಿಂದ ಕಲ್ಯಾಣದುರ್ಗ, ಅಲ್ಲಿಂದ ಹಿಂದೂಪುರ, ಚೆನ್ನೈ, ಸಮುದ್ರ, ಆಚೆಯ ದೇಶ ಎಂದು ದಾರ ಹಿಡಿದು ಗುಂಡುಸೂಜಿ ಚುಚ್ಚಿದರು. ಕೋಕೋ ಬೆಳೆಯುವ ದೇಶಗಳಿಂದ ಚಾಕೊಲೇಟು ಮಾಡುವ ಶ್ರೀಮಂತ ದೇಶಗಳಿಗೂ ಇನ್ನೊಂದು ದಾರ ಎಳೆದರು. ಎರಡು ದಾರಗಳೂ ಹತ್ತಿರ ಹತ್ತಿರವೇ ಹೋಗಿ ಸೇರಿದ್ದನ್ನು ನೋಡಿ ಅವರಿಗೇ ಆಶ್ಚರ್ಯ. “ಅಭಿವೃದ್ಧಿಯ ಅಂತರ ಅಂದ್ರೇನು, ನಿಮ್ಮ ಮಾತಲ್ಲಿ ಹೇಳಿ” ಅಂದೆ. ಅಂಗಡಿಯವರ ಮಗಳು ಸ್ವಲ್ಪ ಯೋಚಿಸಿ ಹೇಳಿದಳು:

“ಕೆಳಗಿರೋರದು ಚುಕ್ಕೆ ಆದ್ಮೇಲಿಂದು ಎಲ್ರೂ ಬಿಟ್ಬುಡ್ತಾರೆ ಮೇಡಂ. ಮ್ಯಾಗಿರೋರತ್ರ ಅದೆಲ್ಲಾ ಸೇರ್ಕೊಂಡು ಗುಡ್ಡೆ ಆಯ್ತದೆ.”

ಈ ಅಂತರದಲ್ಲಿ ಯಂತ್ರ, ಸಾಲ, ಓದು, ರಸ್ತೆ ಇವೆಲ್ಲದರ ಲೆಕ್ಕವೂ ಇದೆ ಎಂದು ನಾನು ಉಳಿದದ್ದನ್ನು ಸೇರಿಸಿ ಹೇಳಿದೆ. ಈ ಸಲ ಅದೂ ಅವರ ತಲೆಗೆ ಹೋಯಿತು, ಪ್ರಶ್ನೆಯ ಮೇಲೆ ಪ್ರಶ್ನೆ ಬಂತು. ಚಾಕೊಲೇಟನ್ನು ಅವತ್ತು ಚೂರು ಮಾಡಿ ಹಂಚಿದೆವು.

ಅದಾದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಅಂಗಡಿಯವರ ಮಗಳು ಪ್ರಾರ್ಥನೆಗೂ ಮುಂಚೆ ಓಡಿಬಂದಳು. “ಮೇಡಂ, ನಮ್ಮಪ್ಪ ಡಬ್ಬಿ ತಿರುಗಿಸ್ಬುಟ್ರು! ಸ್ಪ್ಯಾನರ್ ಹಿಡ್ಕಂಡು ಅವ್ರೇ ತಿರುಗಿಸ್ಬುಟ್ರು!” ಶಾಲೆ ಬಿಟ್ಟ ಮೇಲೆ ಎಲ್ಲರೂ ಹೋಗಿ ನೋಡಿದೆವು. ಕಂಬದ ಮೇಲಿನ ಡಬ್ಬಿ ಬೀದಿಯ ಕಡೆ ಮುಖ ಮಾಡಿತ್ತು. ಬರೆದುಕೊಳ್ಳಲು ಅವರೇ ಕುರ್ಚಿಯನ್ನು ಜಗುಲಿಗೆ ತಂದು ಹಾಕಿಕೊಂಡಿದ್ದರು.

ಆದರೆ ಅಲ್ಲೊಂದು ತೊಡಕು. ಚೀಲ ತಂದ ಹೆಂಗಸರು ಅಂಕಿ ನೋಡಿದರು, ಆದರೆ ತೂಕ ತಿಳಿಯಲಿಲ್ಲ. ಫೋನಿನಲ್ಲಿ ನಂಬರು ಒತ್ತಿ ಒತ್ತಿ ಅಂಕಿಗಳೇನೋ ಅವರಿಗೆ ಗೊತ್ತು. ಚುಕ್ಕೆ ಗೊತ್ತಿಲ್ಲ. “ಮೂರು ಐದು ಎರಡು ಐದು ಸೊನ್ನೆ” ಎಂದು ಫೋನ್ ನಂಬರಿನಂತೆ ಓದಿ, “ಇದರಾಗೆ ಕೇಜಿ ಎಲ್ಲಿ ಐತೆ?” ಎಂದು ಮಕ್ಕಳನ್ನೇ ಕೇಳಿದರು.

ಪ್ರಶ್ನೆ ಕೇಳುವ ಹುಡುಗಿ ನನ್ನನ್ನು ಕೇಳಲೂ ಇಲ್ಲ, ತಾನೇ ನಿರ್ಧರಿಸಿದಳು. ಸಂಜೆ ಬಸ್ಸು ಬರುವ ಮುಂಚೆ ಶಾಲೆಯ ಜಗುಲಿಯಲ್ಲಿ ಮಕ್ಕಳು ಅಂಗಡಿಗೆ ಚೀಲ ತಂದಿದ್ದ ತಮ್ಮ ಅಮ್ಮ, ಅಜ್ಜಿ, ದೊಡ್ಡಮ್ಮಂದಿರನ್ನು ಕೂರಿಸಿಕೊಂಡು ಪಾಠ ಶುರು ಮಾಡಿದರು. ಚುಕ್ಕೆಯ ಈಚೆ ಕೇಜಿ, ಚುಕ್ಕೆಯ ಆಚೆ ಗ್ರಾಂ. ಆಚೆಯ ಐದುನೂರು ಅರ್ಧ, ಎರಡುನೂರೈವತ್ತು ಕಾಲು. ಅಡುಗೆ ಮನೆಯಲ್ಲಿ ಸಕ್ಕರೆ, ಬೇಳೆಯ ಪೊಟ್ಟಣ ನೋಡಿದವರಿಗೆ ಅದು ಬಲು ಬೇಗ ಹತ್ತಿತು. ಹುಡುಗಿಯ ಅಜ್ಜಿ ಮೊದಲು ಬರಲು ಒಪ್ಪಿರಲಿಲ್ಲ. “ಈ ವಯಸ್ನಾಗೆ ನಂಗೆ ಇಸ್ಕೂಲಾ? ಹೋಗಮ್ಮ” ಎಂದು ಬೈದವರು, ಬಸ್ಸಿಗೆ ಕಾಯುತ್ತಾ ನಿಂತಲ್ಲಿಗೇ ಜಗುಲಿಯಲ್ಲಿ ಎಲ್ಲರೂ ಸೇರಿ ನಗುವುದು ಕೇಳಿಸಿಕೊಂಡು ತಾವಾಗಿಯೇ ಬಂದು ಕೂತರು. ಆಮೇಲೆ ಅವರದೇ ಜೋರು ದನಿ.

ಆ ಸುಗ್ಗಿಯ ಕೊನೆಯ ಚೀಲಗಳನ್ನು ಅಜ್ಜಿ ಅಂಗಡಿಗೆ ತಂದ ದಿನ ಮೊಮ್ಮಗಳು ನನ್ನನ್ನೂ ಎಳೆದುಕೊಂಡು ಹೋದಳು. ಜಗುಲಿಯ ಮುಂದೆ ಏಳೆಂಟು ಹೆಂಗಸರು ಕೂತಿದ್ದರು. ಅಜ್ಜಿಯ ಚೀಲ ಕಾಟಾ ಮೇಲೆ ಹೋಯಿತು. ಅಂಗಡಿಯವರು ಪೆನ್ನು ಹಿಡಿದು ಕತ್ತೆತ್ತಿದರು. ಹಳೆಯ ಅಭ್ಯಾಸ, ಬಾಯಿಗೆ ಬಂದೇಬಿಟ್ಟಿತು:

“ಮೂವತ್ತೆಂಟು.”

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ಹೆಜ್ಜೆ ಮುಂದೆ ಬಂದರು, ಕಣ್ಣು ಕಿರಿದು ಮಾಡಿ ಡಬ್ಬಿ ನೋಡಿದರು.

“ಮೂವತ್ತೆಂಟು ಸರಿ ಕಣಪ್ಪ. ಚುಕ್ಕೆ ಆದ್ಮೇಲೆ ಆರುನೂರೈತಲ್ಲ, ಅದ್ಯಾರ ಮನೆಗೆ ಹೋಯ್ತದೆ?”

ಹೆಂಗಸರು ಹೋ ಎಂದು ನಕ್ಕರು. ಅಂಗಡಿಯವರ ಮಗಳು ಅಪ್ಪನ ಬೆನ್ನ ಹಿಂದೆ ನಿಂತು ಬಾಯಿಗೆ ಕೈ ಹಿಡಿದಳು. ಅಂಗಡಿಯವರು ಒಂದು ಕ್ಷಣ ಪೆಚ್ಚಾದರು, ಮರುಕ್ಷಣ ತಾವೂ ನಕ್ಕು, “ನಿಮ್ಮನೆಗೇ ಕಣಜ್ಜಿ, ನಿಮ್ಮನೆಗೇ” ಎನ್ನುತ್ತಾ ಪೂರ್ತಿ ಬರೆದು ಚೀಟಿ ಕೈಗೆ ಕೊಟ್ಟರು. ಅಜ್ಜಿ ಚೀಟಿಯನ್ನು ಒಮ್ಮೆ ಓದಿ ನೋಡಿದರು, ಡಬ್ಬಿಯ ಅಂಕಿಗೆ ತಾಳೆ ಹಾಕಿದರು, ಆಮೇಲೆ ಅದನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದರು. ಮೊಮ್ಮಗಳು ಓಡಿಹೋಗಿ ಅವರ ಸೊಂಟ ತಬ್ಬಿಕೊಂಡಳು. ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಪರೀಕ್ಷೆಯಲ್ಲಿ ಮಕ್ಕಳು ಒಳ್ಳೆಯ ಅಂಕ ತೆಗೆದಾಗ ಸಂತೋಷಪಟ್ಟಿದ್ದೇನೆ. ಆದರೆ ಅವತ್ತು ಆ ಬೀದಿಯಲ್ಲಿ ನಿಂತಾಗ ಆದ ಹೆಮ್ಮೆ ಬೇರೆಯೇ.

ಈ ವರ್ಷದ ಸುಗ್ಗಿ ಶುರುವಾದಾಗ ಆ ಅಂಗಡಿಯ ಮುಂದೆ ನಾನೆಂದೂ ನೋಡದಷ್ಟು ಚೀಲಗಳು. ಅಲ್ಲಿ ತೂಕ ಕಾಣುತ್ತದಂತೆ ಎಂದು ಸುದ್ದಿ ಹಬ್ಬಿ, ಕುಂದುರ್ಪಿಯ ಆಚೆಯ ಹಳ್ಳಿಗಳಿಂದಲೂ ಜನ ಮಾಲು ಹೊತ್ತು ಬಂದಿದ್ದರು. ನಾನು ಬಸ್ಸಿಗೆ ಹೋಗುತ್ತಿದ್ದವಳನ್ನು ಅಂಗಡಿಯವರು ಕೂಗಿ ನಿಲ್ಲಿಸಿದರು.

“ಜಾಗ ಸಾಲ್ತಿಲ್ಲ ಕಣಮ್ಮ. ಪಕ್ಕದ ಮಳಿಗೆನೂ ಹಿಡಿಬೇಕು ಅಂತಿವ್ನಿ. ಇನ್ನೊಂದು ಕಾಟಾ ಬತ್ತದೆ, ಅದೂ ಬೀದಿ ಕಡೀಕೇ.”

ಅವರ ಹಿಂದೆ ಹೆಂಗಸರು ಒಬ್ಬರ ತೂಕ ಇನ್ನೊಬ್ಬರು ಓದಿ ಹೇಳುತ್ತಿದ್ದರು, ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ. ಚುಕ್ಕೆ ಬಂದಾಗ ಎಲ್ಲರೂ ಸೇರಿ ಕೂಗುತ್ತಿದ್ದರು. ಬಸ್ಸು ಬಂತು. ಕಂಡಕ್ಟರು, “ಏನು ಮೇಡಂ, ಜಾತ್ರೇನಾ ಅಲ್ಲಿ?” ಎಂದು ಕೇಳಿದ. ನಾನು ನಗುತ್ತಾ ಟಿಕೆಟ್ಟು ತೆಗೆದುಕೊಂಡು ಕಿಟಕಿಯ ಪಕ್ಕ ಕೂತೆ.